ಫ್ಯಾನ್ ಆಫ್ ಆಗಿದೆ

ಐದೇ ಐದು ವಾಕ್ಯ. ಸಾತ್ವಿಕ್ ಅವರು ಫೋನಿನಲ್ಲಿ ಹಾಗೇ ಹೇಳಿದರು. ನಾಲ್ಕು ಸಾವಿರದ ಇನ್ನೂರು ವಾಕ್ಯ ಕೊಟ್ಟವಳಿಗೆ ಇನ್ನೈದು ಏನು ಮಹಾ.

"ವಿಡಿಯೋ ರೆಡಿ ಇದೆ ಹರ್ಷಿಣಿ. ಸೂಪರ್ ಆಗಿ ಬಂದಿದೆ. ನಮ್ಮ ಕನ್ನಡ ಗುಂಪಿನ ಸಂಯುಕ್ತಾ ಇದಾಳಲ್ಲ, ಅವಳು ಸ್ಟುಡಿಯೋದಲ್ಲಿ ಮೈಕ್ ಮುಂದೆ ಕೂತು ಮಾತಾಡೋ ಶಾಟ್. ಆದ್ರೆ ಅವಳ ವಾಯ್ಸ್ ನಮ್ಮ ಸಾಫ್ಟ್‌ವೇರ್ ವಾಯ್ಸ್‌ಗೆ ಮ್ಯಾಚ್ ಆಗಲ್ವಲ್ಲ. ಅದಕ್ಕೆ ನೀವು ಐದು ಸೆಂಟೆನ್ಸ್ ಹೇಳ್ಬಿಟ್ರೆ ಅವಳ ತುಟಿಗೆ ಕೂರಿಸ್ತೀನಿ."

"ಏನು ಹೇಳಬೇಕು?"

"ವಾಟ್ಸಾಪ್ ಮಾಡಿದೀನಿ ನೋಡಿ."

ನೋಡಿದೆ. ಮೊದಲನೆಯದು: ನಾನು ಸಂಯುಕ್ತಾ. ಎರಡನೆಯದು: ಓದುಗೊರಳಿನಲ್ಲಿ ನೀವು ಕೇಳುವ ದನಿ ನನ್ನದು. ಮೂರನೆಯದರಲ್ಲಿ ಕನ್ನಡದ ಋಣ ಇತ್ತು. ನಾಲ್ಕನೆಯದರಲ್ಲಿ ಅಂಧ ಬಂಧುಗಳಿದ್ದರು. ಐದನೆಯದು ಸಾತ್ವಿಕ್ ಅವರ ಕನಸಿನ ಬಗ್ಗೆ.

"ಸಂಯುಕ್ತಾ ಯಾಕೆ?" ಎಂದು ಕೇಳಿದೆ. ಮೆಲ್ಲಗೆ ಕೇಳಿದೆ. ನಾನು ಎಲ್ಲವನ್ನೂ ಮೆಲ್ಲಗೇ ಕೇಳುವವಳು.

"ಅವಳಿಗೆ ಕ್ಯಾಮೆರಾ ಭಯ ಇಲ್ಲ. ಪ್ರೆಸೆಂಟಬಲ್. ನಿಮಗೆ ಸುಮ್ನೆ ಕಷ್ಟ ಆಗುತ್ತೆ ಅಂತ."

ನನ್ನ ಕಷ್ಟದ ಬಗ್ಗೆ ಅವರಿಗೆ ಮೊದಲಿನಿಂದಲೂ ಬಹಳ ಕಾಳಜಿ.

ಓದುಗೊರಳು ಒಂದು ಮುಕ್ತ ತಂತ್ರಾಂಶ. ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ. ಬಿಟ್ಟಿ ಸಿಗುತ್ತದೆ. ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ತಮ್ಮ ಹೆಸರಲ್ಲಿ ಇನ್ನೊಂದು ಪ್ರತಿ ಮಾಡಿ ಹಂಚಬಹುದು. ಒಂದೇ ಷರತ್ತು, ಮೊದಲಿನವರ ಹೆಸರು ಅಳಿಸುವಂತಿಲ್ಲ. ಮೊದಲಿನವರು ಎಂದರೆ ಪಟ್ಟಿಯಲ್ಲಿರುವವರು. ಪಟ್ಟಿಯಲ್ಲೇ ಇಲ್ಲದವರನ್ನು ಅಳಿಸುವ ತೊಂದರೆಯೂ ಇಲ್ಲ.

ಕೋಡ್ ಬರೆದದ್ದು ಸಾತ್ವಿಕ್. ಗುರುಗ್ರಾಮದ ದೊಡ್ಡ ಕಂಪನಿಯಲ್ಲಿ ಕೆಲಸ, ಶನಿವಾರ ಭಾನುವಾರ ಸೇವೆ. ಆದರೆ ಕೋಡಿಗೆ ಗಂಟಲಿಲ್ಲ. ಯಂತ್ರ ಮಾತು ಕಲಿಯಬೇಕಾದರೆ ಒಬ್ಬರು ಕುಳಿತು ಸಾವಿರಾರು ವಾಕ್ಯ ಓದಬೇಕು. ದೆಹಲಿ ಕನ್ನಡದವರ ಗುಂಪಿನಲ್ಲಿ ಕರೆ ಕೊಟ್ಟರು. ಹದಿನೆಂಟು ಜನ ಕೈ ಎತ್ತಿದರು. ಮೊದಲ ಭಾನುವಾರ ಕಳೆಯುವಷ್ಟರಲ್ಲಿ ಉಳಿದವಳು ನಾನೊಬ್ಬಳು.

ಘಾಜಿಯಾಬಾದಿನಲ್ಲಿ ಮೂರನೇ ಮಹಡಿಯ ಮೇಲೆ ನನ್ನ ಕೋಣೆ. ಮೇಲೆ ತಾರಸಿ, ತಾರಸಿಯ ಮೇಲೆ ಸೂರ್ಯ. ಸ್ಟುಡಿಯೋಗೆ ದುಡ್ಡಿಲ್ಲ ಎಂದು ಸಾತ್ವಿಕ್ ಅವರೇ ಉಪಾಯ ಹೇಳಿದ್ದರು. ಎರಡು ಪ್ಲಾಸ್ಟಿಕ್ ಕುರ್ಚಿ, ಮೇಲೆ ಚಳಿಗಾಲದ ರಜಾಯಿ, ಒಳಗೆ ನಾನು. ಸದ್ದು ಕೂಡದು. ಕಿಟಕಿ ಮುಚ್ಚಬೇಕು. ಕೂಲರ್ ಬಂದ್. ಫ್ಯಾನ್ ಬಂದ್. ಹೊರಗೆ ಮೇ ತಿಂಗಳು, ನಲವತ್ನಾಲ್ಕು ಡಿಗ್ರಿ. ಹತ್ತಿ ತುಂಬಿದ ರಜಾಯಿಯೊಳಗೆ ಎಷ್ಟು ಡಿಗ್ರಿ ಎಂದು ಯಾವ ಹವಾಮಾನ ಇಲಾಖೆಯೂ ಹೇಳುವುದಿಲ್ಲ.

ಒಂದು ಸಲಕ್ಕೆ ಇಪ್ಪತ್ತು ವಾಕ್ಯ. ಬೆವರು ಹುಬ್ಬಿನಿಂದ ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಂಡರೆ ಬಟ್ಟೆಯ ಸದ್ದು ಮೈಕಿಗೆ ಬೀಳುತ್ತಿತ್ತು. ಆದ್ದರಿಂದ ಒರೆಸಿಕೊಳ್ಳುವಂತಿಲ್ಲ. ನೀರು ಕುಡಿದರೆ ಗಂಟಲು ಗುಳುಕ್ ಎನ್ನುತ್ತಿತ್ತು. ಆದ್ದರಿಂದ ಕುಡಿಯುವಂತಿಲ್ಲ. ಒಮ್ಮೆ ರಜಾಯಿಯಿಂದ ಹೊರಗೆ ಬಂದವಳು ಗೋಡೆ ಹಿಡಿದುಕೊಂಡೇ ಕುಸಿದೆ. ಆ ದಿನದ್ದು 'ಕರ್ನಾಟಕದ ಜಲಪಾತಗಳು' ಎಂಬ ಪಾಠ.

ಪ್ರತಿ ಸಲ ಶುರುವಿನಲ್ಲಿ ಹೆಸರು, ತಾರೀಕು, ಕೋಣೆಯ ಸ್ಥಿತಿ ಹೇಳಬೇಕು. ಅದು ಈ ಕೆಲಸದ ಪದ್ಧತಿ. "ಹರ್ಷಿಣಿ. ಮೇ ಹನ್ನೊಂದು. ಫ್ಯಾನ್ ಆಫ್ ಆಗಿದೆ." ಆಮೇಲೆ ವಾಕ್ಯಗಳು. ಯಂತ್ರಕ್ಕೆ ಕೊಡುವ ಮುಂಚೆ ಆ ಮೊದಲ ಸಾಲನ್ನು ಸಾತ್ವಿಕ್ ಕತ್ತರಿಸಿ ತೆಗೆಯುತ್ತಿದ್ದರು. ಅದು ಗುರುತಿಗಷ್ಟೇ, ದನಿಯ ಭಾಗವಲ್ಲ.

ಆರುನೂರು ವಾಕ್ಯಗಳನ್ನು ವಾಪಸು ಕಳಿಸಿದರು. "ಸ್ವಲ್ಪ ಹಳ್ಳಿ ಧಾಟಿ ಬರ್ತಿದೆ ಹರ್ಷಿಣಿ. ನ್ಯೂಟ್ರಲ್ ಆಗಿ ಹೇಳಿ." ನಾನು ಹುಟ್ಟಿದ ಕೇರಿಯ ಮಾತನ್ನು ಕಾಲೇಜು ಮುಗಿಯುವಷ್ಟರಲ್ಲಿ ನಾನೇ ತಿದ್ದಿಕೊಂಡಿದ್ದೆ ಎಂದು ತಿಳಿದಿದ್ದೆ. ತಿದ್ದಲು ಇನ್ನೂ ಆರುನೂರು ಬಾಕಿ ಇದ್ದವು. ಮತ್ತೆ ರಜಾಯಿ. ಮತ್ತೆ ಫ್ಯಾನ್ ಆಫ್. ಹೀಗೆ ಎರಡು ಬೇಸಿಗೆ.

ವಾರದ ಉಳಿದ ಆರು ದಿನ ನಾನು ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿರುತ್ತೇನೆ. ಅಂಗಿಯ ಕೊರಳಪಟ್ಟಿಯಲ್ಲಿ ಹೊರದೇಶದ ಕಂಪನಿಯ ಹೆಸರು ನೇರವಾಗಿ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ನಿಂತೇ ನೋಡಬೇಕು. ದಿನಕ್ಕೆ ಎಂಟುನೂರು ಅಂಗಿ. ಬಿಎಸ್ಸಿ ಓದಿದ್ದು ಅದಕ್ಕೇ ಇರಬೇಕು. ಅಂಗಿ ಹೊಲಿದವರ ಹೆಸರನ್ನು ಕೊರಳಪಟ್ಟಿಯಲ್ಲಿ ನಾನು ಯಾವತ್ತೂ ನೋಡಿಲ್ಲ. ಇದ್ದಿದ್ದರೆ ಅದು ನನ್ನ ಲೆಕ್ಕದಲ್ಲಿ ದೋಷ. ಕೆಂಪು ಸ್ಟಿಕರ್ ಹಚ್ಚಿ ಪಕ್ಕಕ್ಕಿಡಬೇಕಾಗುತ್ತಿತ್ತು.

ಅಲ್ಲಿಂದ ಹೊರಬರಲು ನನಗೊಂದು ಬಾಗಿಲು ಕಂಡಿತ್ತು. ಭಾಷೆ ಮತ್ತು ಕಂಪ್ಯೂಟರ್ ಎರಡರ ಮೇಲೂ ಕೆಲಸ ಮಾಡುವ ಒಂದು ಸಂಸ್ಥೆ, ಒಂದು ವರ್ಷದ ಫೆಲೋಶಿಪ್. ಅರ್ಜಿಯಲ್ಲಿ ಒಂದು ಖಾನೆ: ನಿಮ್ಮ ಕೊಡುಗೆ ಕಾಣುವ ಸಾರ್ವಜನಿಕ ಪುಟದ ಲಿಂಕ್ ಕೊಡಿ. ಕೊನೆಯ ದಿನ ಜೂನ್ ಹದಿನಾರು, ಸೋಮವಾರ.

ಓದುಗೊರಳಿನ ಪುಟದಲ್ಲಿ ಕೊಡುಗೆದಾರರ ಪಟ್ಟಿ ಇದೆ. ಅದರಲ್ಲಿ ಸಾತ್ವಿಕ್ ಇದ್ದಾರೆ. ಲೋಗೋ ಬರೆದ ಅವರ ಗೆಳೆಯ ಇದ್ದಾನೆ. ನಾನಿಲ್ಲ. ಏಪ್ರಿಲ್‌ನಲ್ಲಿ ಕೇಳಿದ್ದೆ.

"ಅಯ್ಯೋ, ಕೇಳೋದೇನಿದೆ? ಇದು ಓಪನ್ ಪ್ರಾಜೆಕ್ಟ್. ನೀವೇ ಪಟ್ಟಿಗೆ ಹೆಸರು ಸೇರಿಸಿ ಕಳಿಸಿ. ಯಾರು ಬೇಡ ಅಂತಾರೆ?"

ಯಾರೂ ಬೇಡ ಎನ್ನಲಿಲ್ಲ. ಬದಲಾವಣೆ ಕಳಿಸಲು ಎಲ್ಲರಿಗೂ ಅವಕಾಶವಿದೆ. ಒಪ್ಪಿಕೊಳ್ಳುವ ಗುಂಡಿ ಮಾತ್ರ ಸಾತ್ವಿಕ್ ಅವರ ಬಳಿ ಇದೆ. ಬಾಗಿಲು ಸದಾ ತೆರೆದಿದೆ, ಚಿಲಕ ಒಳಗಡೆಗಿದೆ, ಅಷ್ಟೇ. ನಲವತ್ತೊಂದು ದಿನವಾದ ಮೇಲೆ ಅದರಡಿ ಅವರ ಟಿಪ್ಪಣಿ ಬಂತು: 'ಈ ಪಟ್ಟಿ ಕೋಡ್ ಬರೆದವರಿಗೆ ಮಾತ್ರ. ದನಿಯನ್ನು ದತ್ತಾಂಶ ಎಂದು ಪರಿಗಣಿಸಲಾಗಿದೆ.' ಕೆಳಗೆ ಕೈಮುಗಿದ ಚಿತ್ರ.

ನಾನು ದತ್ತಾಂಶ.

ನನ್ನ ಅಪ್ಪ ನಾರಾಯಣಸ್ವಾಮಿ ಹತ್ತೊಂಬತ್ತು ವರ್ಷ ನಮ್ಮೂರ ಬೀದಿ ಗುಡಿಸಿದರು. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಸೋಮಶೇಖರ. ಸೋಮಶೇಖರ ಎಂಬವನು ಮೊದಲು ಆ ಕೆಲಸದಲ್ಲಿದ್ದು ಸತ್ತಿದ್ದ. ಹೆಸರು ಬದಲಿಸುವ ಕಷ್ಟ ಯಾರಿಗೆ ಬೇಕು? ಬೆಳಗ್ಗೆ ಐದಕ್ಕೆ ಅಪ್ಪ ಸತ್ತವನ ಹೆಸರಿಗೆ ಹೂಂ ಎನ್ನುತ್ತಿದ್ದರು, ಪೊರಕೆ ಎತ್ತಿಕೊಳ್ಳುತ್ತಿದ್ದರು. ಕೆಲಸ ಕಾಯಂ ಮಾಡುವ ಆದೇಶ ಬಂದಾಗ ಕಚೇರಿಯವರು ಪುಸ್ತಕ ತಿರುವಿ ಹೇಳಿದರು: ನಾರಾಯಣಸ್ವಾಮಿ ಎಂಬ ಮನುಷ್ಯ ಇಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ. ಅಪ್ಪ ಅಂಗೈ ತೋರಿಸಿದರು. ಅಂಗೈ ದಾಖಲೆಯಲ್ಲ.

ಇದನ್ನೆಲ್ಲ ಸಾತ್ವಿಕ್ ಅವರಿಗೆ ಹೇಳಲಿಲ್ಲ. ಫೋನಿನಲ್ಲಿ ಹೇಳಿದ್ದು ಇಷ್ಟೇ. "ಆ ಐದು ವಾಕ್ಯ ನಾನು ಹೇಳೋದಿಲ್ಲ."

"ಯಾಕೆ? ಬಿಝಿನಾ?"

"ಬಿಝಿ ಇಲ್ಲ. ಹೇಳೋದಿಲ್ಲ."

ಅವರು ನಕ್ಕರು. "ಹರ್ಷಿಣಿ, ಇದು ಸೇವೆ. ಸೇವೆಯಲ್ಲಿ ನಾನು ನನ್ನದು ಅಂತ ಬಂದ್ರೆ ಪ್ರಾಜೆಕ್ಟ್ ಉಳಿಯುತ್ತಾ? ನಂಗೇನು ಹೆಸರಿನ ಹುಚ್ಚಾ? ಚಲೋ, ನೋ ಪ್ರಾಬ್ಲಮ್. ಭಾನುವಾರ ಓದುಗೊರಳಿನ ಫಂಕ್ಷನ್‌ಗೆ ಬನ್ನಿ."

ಹೆಸರಿನ ಹುಚ್ಚಿಲ್ಲದವರ ಆಹ್ವಾನಪತ್ರಿಕೆ ಅಷ್ಟರಲ್ಲಿ ಬಂದೇಬಿಟ್ಟಿತು. ಕೈಕಟ್ಟಿ ನಿಂತ ಸಾತ್ವಿಕ್, ದೂರಕ್ಕೆ ನೋಟ. 'ಒಬ್ಬ ಯುವಕ. ಒಂದು ಕನಸು. ಒಂದು ಕೊರಳು.' ಕೆಳಗೆ ಮೈಕಿನೊಂದಿಗೆ ಸಂಯುಕ್ತಾ. ಅದಕ್ಕೂ ಕೆಳಗೆ 'ಫಲಾನುಭವಿ' ಎಂದು ಕಪ್ಪು ಕನ್ನಡಕದ ಬಸವಲಿಂಗಪ್ಪನವರು.

ಫಲಾನುಭವಿಯ ವಿಷಯ ಹೇಳಬೇಕು. ಬಸವಲಿಂಗಪ್ಪನವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿದ್ದವರು. ಹುಟ್ಟಿನಿಂದ ಕಣ್ಣಿಲ್ಲ. ಈಗ ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ ಮಗಳು ಇಂದಿರಾ ಜೊತೆ ಇದ್ದಾರೆ. ಓದುಗೊರಳಿನ ಪ್ರತಿಯೊಂದು ಆವೃತ್ತಿಯನ್ನೂ ಮೊದಲು ಕೇಳಿಸಿಕೊಂಡು ತಪ್ಪು ಹಿಡಿದವರು ಅವರು. ಮುನ್ನೂರ ಹನ್ನೆರಡು ತಪ್ಪು. ಅವರು ಹೇಳುವುದು, ಇಂದಿರಕ್ಕ ಬರೆದು ಕಳಿಸುವುದು. ಯಂತ್ರ ಅಲ್ಪವಿರಾಮದಲ್ಲಿ ಉಸಿರು ನುಂಗುತ್ತದೆ ಎಂದು ಹೇಳಿದ್ದು ಅವರು. ಅದನ್ನು ಸರಿಪಡಿಸಿದ ಮೇಲೇ ಅದು ಮನುಷ್ಯರಂತೆ ಓದತೊಡಗಿದ್ದು. ಅವರ ಹೆಸರೂ ಪಟ್ಟಿಯಲ್ಲಿಲ್ಲ. ಕೊಟ್ಟವರು ಕೊಡುಗೆದಾರರಾಗುವುದಿಲ್ಲ, ಫಲಾನುಭವಿಯಾಗುತ್ತಾರೆ.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲಿ "ನಮಸ್ಕಾರ ಸರ್" ಎಂದೆನಷ್ಟೆ.

"ಓಹೋ! ನನ್ನ ಮೊಬೈಲಿಗೆ ಕಾಲು ಬಂದಿದೆ. ಇಂದಿರಾ, ಚಾ ಇಡಮ್ಮ, ಮೊಬೈಲು ಮನೆಗೆ ಬಂದಿದೆ!"

ಇಂದಿರಕ್ಕ ಅಡುಗೆಮನೆಯಿಂದಲೇ ನಕ್ಕರು. "ಇಡೀ ದಿನ ನಿನ್ನ ಜೊತೆ ಜಗಳ ಆಡ್ತಾರೆ ಹರ್ಷಿಣಿ. ಪೇಪರ್ ಓದಿಸ್ಕೊಂಡು, ಏನಮ್ಮ ಇಂಥ ಸುದ್ದಿ ಓದ್ತೀಯಲ್ಲ ಅಂತಾರೆ."

"ಒಂದು ಕೇಳಬೇಕಿತ್ತು ತಾಯಿ," ಎಂದರು. ಮೊಬೈಲಿನಲ್ಲಿ ಓದುಗೊರಳು ತೆರೆದರು. 'ನಮಸ್ಕಾರ. ಓದುಗೊರಳು ಸಿದ್ಧವಾಗಿದೆ.' ಅದೊಂದು ಸ್ವಾಗತವಾಕ್ಯ ಮಾತ್ರ ಯಂತ್ರ ಕಟ್ಟಿದ್ದಲ್ಲ, ನಾನು ಹೇಳಿದ್ದನ್ನು ಹಾಗೇ ಇಟ್ಟದ್ದು. "ನೀನು 'ಸಿದ್ಧವಾಗಿದೆ' ಅಂದ ಮೇಲೆ ಹಿಂದೆ ಯಾರೋ ಕೂಗ್ತಾರೆ. ಕಿವಿ ಕೊಡು."

ಕಿವಿಗೆ ಹಚ್ಚಿಕೊಂಡೆ. ಬಹಳ ದೂರದಲ್ಲಿ, ಬ್ಯಾಟರಿ ಸ್ಪೀಕರಿನ ಗೊಗ್ಗರು ದನಿ: ಆಲೂ ಲೇಲೋ, ಪ್ಯಾಜ್ ಲೇಲೋ.

ನಮ್ಮ ಗಲ್ಲಿಯ ತರಕಾರಿ ಭಯ್ಯಾ. ಕಿಟಕಿ ಮುಚ್ಚಿ, ಹತ್ತಿಯ ರಜಾಯಿ ಹೊದ್ದು, ಉಸಿರು ಕಟ್ಟಿ ಕೂತರೂ ಅವನು ಒಳಗೆ ಬಂದುಬಿಟ್ಟಿದ್ದ. ಎರಡು ವರ್ಷ ಯಾರ ಕಿವಿಗೂ ಬಿದ್ದಿರಲಿಲ್ಲ. "ಇದನ್ನ ತಪ್ಪಿನ ಪಟ್ಟಿಗೆ ಸೇರಿಸ್ಲಾ ಸರ್?" ಎಂದೆ. ಗಾಬರಿಯಾಗಿತ್ತು. ನನ್ನ ಕೆಲಸದಲ್ಲಿ ದೋಷ ಉಳಿದಿದೆ ಎಂದರೆ ನನಗೆ ಊಟ ಸೇರುವುದಿಲ್ಲ.

"ಬೇಡ ಬಿಡಮ್ಮ. ಈರುಳ್ಳಿ ಮಾರೋನು ಏನು ಪಾಪ ಮಾಡಿದಾನೆ? ಇರಲಿ."

ಭಾನುವಾರ ಬಂತು. ಸಭಾಂಗಣದಲ್ಲಿ ಎಸಿ ಎಷ್ಟು ತಣ್ಣಗಿತ್ತೆಂದರೆ ಹೆಂಗಸರು ಸೆರಗು ಹೊದ್ದುಕೊಂಡಿದ್ದರು. ನಾನು ಹಿಂದಿನಿಂದ ಎರಡನೇ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂತೆ. ನಾನು ಯಾವಾಗಲೂ ಬಾಗಿಲಿಗೆ ಹತ್ತಿರವೇ ಕೂರುತ್ತೇನೆ. ದೀಪ ಹಚ್ಚಿದರು. ಸಾತ್ವಿಕ್ ಅವರಿಗೆ ಶಾಲು, ಹಾರ, ಮೈಸೂರು ಪೇಟ. ಗಣ್ಯರೊಬ್ಬರು ಮಾತಾಡಿ, ಈ ದನಿಯಲ್ಲಿ ಸುಸಂಸ್ಕೃತ ಮನೆತನದ ಕನ್ನಡದ ಸೊಬಗಿದೆ ಎಂದರು. ಆರುನೂರು ಸಲ ತೊಳೆದ ಸೊಬಗು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಪಕ್ಕದವರು ನೋಡುತ್ತಾರೆ.

ಆಮೇಲೆ ವಿಡಿಯೋ. ರೇಷ್ಮೆ ಸೀರೆಯ ಸಂಯುಕ್ತಾ, ದಪ್ಪ ಗಾಜಿನ ಹಿಂದೆ, ಕಿವಿಗೆ ಹೆಡ್‌ಫೋನು. ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ನಾನು ಹೇಳಲಿಲ್ಲವಲ್ಲ, ಇನ್ನು ಸಂಗೀತ ಹಾಕಿರುತ್ತಾರೆ ಎಂದುಕೊಂಡೆ. ಅವಳ ತುಟಿ ಅಲುಗಿತು.

"ನಾನು ಸಂಯುಕ್ತಾ. ಓದುಗೊರಳಿನಲ್ಲಿ ನೀವು ಕೇಳುವ ದನಿ ನನ್ನದು."

ನನ್ನ ದನಿ. ನನ್ನದೇ. ಅಲ್ಪವಿರಾಮದಲ್ಲಿ ನಾನು ಎಳೆಯುವ ಉಸಿರೂ ಸೇರಿ.

ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವರಿಗೆ ನನ್ನ ಒಪ್ಪಿಗೆ ಬೇಕಾಗಿರಲೇ ಇಲ್ಲ. ಐದು ವಾಕ್ಯ ಟೈಪ್ ಮಾಡಿ ಯಂತ್ರದಿಂದ ಹೇಳಿಸಿದ್ದರು. ಯಂತ್ರ ಯಾವುದನ್ನೂ ಹೇಳಲಾರೆ ಎನ್ನುವುದಿಲ್ಲ. ಅಷ್ಟು ವಿಧೇಯವಾಗಿ ಅದನ್ನು ತಯಾರು ಮಾಡಿದವಳು ನಾನೇ. ಬಾಯಿ ಬಿಟ್ಟು ಬೇಡ ಎಂದದ್ದನ್ನು ನನ್ನ ಗಂಟಲೇ ಪೂರಾ ಸಭೆಗೆ ಹೇಳಿತು. ಕನ್ನಡದ ಋಣ ಹೇಳಿತು. ಅಂಧ ಬಂಧುಗಳನ್ನು ಹೇಳಿತು. ಸಾತ್ವಿಕ್ ಅವರ ಕನಸಿಗೆ ಧನ್ಯವಾದ ಹೇಳಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಪ್ಪ ಬೆಳಗ್ಗೆ ಐದಕ್ಕೆ ಹೂಂ ಎನ್ನುತ್ತಿದ್ದದ್ದು ನೆನಪಾಯಿತು.

"ಈಗ ನಮ್ಮ ಫಲಾನುಭವಿಗಳಿಂದ ಎರಡು ಮಾತು," ಎಂದರು ನಿರೂಪಕರು. ಇಂದಿರಕ್ಕ ತಮ್ಮ ಅಪ್ಪನ ಮೊಣಕೈ ಹಿಡಿದು ವೇದಿಕೆಗೆ ಕರೆತಂದರು. ಬಸವಲಿಂಗಪ್ಪನವರು ಮೈಕನ್ನು ತಡವಿ ಹಿಡಿದುಕೊಂಡರು. ಧನ್ಯವಾದ ಹೇಳಲಿಲ್ಲ. ಜೇಬಿನಿಂದ ಮೊಬೈಲು ತೆಗೆದು ಮೈಕಿನ ಬಾಯಿಗೇ ಒತ್ತಿದರು.

'ನಮಸ್ಕಾರ. ಓದುಗೊರಳು ಸಿದ್ಧವಾಗಿದೆ.'

"ಕೇಳಿಸ್ತಾ? ಕೊನೆಯಲ್ಲಿ? ಇನ್ನೊಂದು ಸಲ ಹಾಕ್ತೀನಿ. ಸ್ವಲ್ಪ ಸೌಂಡ್ ಜಾಸ್ತಿ ಮಾಡಪ್ಪ."

ಈ ಸಲ ಸಭಾಂಗಣದ ದೊಡ್ಡ ಸ್ಪೀಕರುಗಳಲ್ಲಿ ನಮ್ಮ ಗಲ್ಲಿಯ ಭಯ್ಯಾ ಕೂಗಿದ. ಪ್ಯಾಜ್ ಲೇಲೋ. ಯಾರೋ ಕಿಸಕ್ಕೆಂದರು.

"ಸಾತ್ವಿಕ್ ಸಾಹೇಬ್ರೇ, ನಿಮ್ಮ ಆ ಗಾಜಿನ ಸ್ಟುಡಿಯೋದಲ್ಲಿ ಈರುಳ್ಳಿ ಮಾರ್ತಾರೇನು?"

ಸಾತ್ವಿಕ್ ಇನ್ನೊಂದು ಮೈಕ್ ತಗೊಂಡರು. ಪೇಟ ಸ್ವಲ್ಪ ಜಾರಿತ್ತು. "ಅದು ಬ್ಯಾಕ್‌ಗ್ರೌಂಡ್ ನಾಯ್ಸ್ ಸರ್. ಮುಂದಿನ ವರ್ಷನ್‌ನಲ್ಲಿ ತೆಗೆದುಹಾಕ್ತೀವಿ."

"ತೆಗೆದುಹಾಕೋದು ನಿಮಗೆ ಚೆನ್ನಾಗಿ ಬರುತ್ತೆ ಬಿಡಿ. ನಾನು ಮೂವತ್ತೆರಡು ವರ್ಷ ಎಕ್ಸ್‌ಚೇಂಜಿನಲ್ಲಿದ್ದೆ. ಲೈನಿನ ಆ ಕಡೆ ಯಾರಿದಾರೆ ಅಂತ ನನಗೆ ಯಾರೂ ಫೋಟೋ ತೋರಿಸಿಲ್ಲ, ಆದ್ರೂ ತಪ್ಪಿಲ್ಲ. ಈ ದನಿಯ ಹುಡುಗಿ ನಮ್ಮನೇಲಿ ಚಾ ಕುಡಿದಿದಾಳೆ. ಅವಳ ಹೆಸರು ಸಂಯುಕ್ತಾ ಅಲ್ಲ. ಇಲ್ಲೇ ಎಲ್ಲೋ ಇರ್ಬೇಕು." ಮುಖ ಎತ್ತಿದರು. "ಇದೀಯೇನು ತಾಯಿ?"

ಬಾಗಿಲು ನಾಲ್ಕು ಹೆಜ್ಜೆ ದೂರ. ಎದ್ದೆ. ಹೊರಗೆ ಹೋಗಲೆಂದೇ ಎದ್ದದ್ದು, ಸುಳ್ಳು ಹೇಳಲಾರೆ. ಅಂಗೈ ಒದ್ದೆಯಾಗಿತ್ತು, ಅಷ್ಟು ಎಸಿಯಲ್ಲಿ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಯೋಚಿಸದೆ ಬಾಯಿಗೆ ಬರುವ ಸಾಲು ನನ್ನ ಬಳಿ ಒಂದೇ ಇತ್ತು. ಇನ್ನೂರಕ್ಕೂ ಹೆಚ್ಚು ಸಲ ಹೇಳಿದ್ದೆ.

"ಹರ್ಷಿಣಿ. ಜೂನ್ ಹದಿನೈದು. ಫ್ಯಾನ್ ಆನ್ ಆಗಿದೆ. ಎಸಿಯೂ ಆನ್ ಆಗಿದೆ."

ಮೈಕ್ ಇರಲಿಲ್ಲ. ಬೇಕಾಗಲೂ ಇಲ್ಲ. ಜನ ಮೊದಲು ಸ್ಪೀಕರಿನ ಕಡೆ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ನನ್ನ ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿ, ಫೋನಿನೊಳಗಿನ ಆಂಟಿ ಇವರೇ ಎಂದು ಅಮ್ಮನ ಸೆರಗೆಳೆದಳು. "ಮಮ್ಮಾ, ಯೇ ತೋ ವಹೀ ಆಂಟಿ ಹೈ. ಫೋನ್‌ವಾಲೀ."

"ಹರ್ಷಿಣಿ, ಆಮೇಲೆ ಮಾತಾಡೋಣ," ಎಂದರು ಸಾತ್ವಿಕ್. ಮೃದುವಾಗಿ. ಕೈಮುಗಿದರು ಕೂಡ.

"ಆ ಐದು ವಾಕ್ಯ ಹೇಳೋದಿಲ್ಲ ಅಂದಿದ್ದೆ. ನೀವು ಹೇಳಿಸಿದ್ರಿ. ಈಗ ನಾನೇ ಹೇಳ್ತಿದೀನಿ. ಆ ದನಿ ನಂದು. ಸ್ಟುಡಿಯೋದಲ್ಲ, ಘಾಜಿಯಾಬಾದಿನ ರಜಾಯಿದು. ಇದು ದತ್ತಾಂಶ ಅಲ್ಲ ಸಾತ್ವಿಕ್. ಇದು ಗಂಟಲು."

ನಮ್ಮ ಕೇರಿಯ ಧಾಟಿ ಬಂದುಬಿಟ್ಟಿತು. ತಿದ್ದಿಕೊಳ್ಳಲಿಲ್ಲ. ಬಾಗಿಲು ತಳ್ಳಿಕೊಂಡು ಹೊರಟೆ.

ಮೆಟ್ರೋದಲ್ಲಿ ಕೂತಿದ್ದಾಗಲೇ ಮೊಬೈಲಿಗೆ ಸೂಚನೆ ಬಂತು. ಎಪ್ಪತ್ತು ದಿನದಿಂದ ಬಾಕಿಯಿದ್ದ ನನ್ನ ಬದಲಾವಣೆ, ನಾನು ಸಭೆಯಿಂದ ಹೊರಟ ಏಳು ನಿಮಿಷದಲ್ಲಿ ವಿಲೇವಾರಿಯಾಗಿತ್ತು. ತೆರೆದು ನೋಡಿದೆ. ಪಟ್ಟಿಯ ತುದಿಗೆ ಹೊಸ ವಿಭಾಗ: 'ಸಹಕರಿಸಿದ ಇತರರು.' ಧ್ವನಿವರ್ಧಕದವರು, ಊಟದ ವ್ಯವಸ್ಥೆಯವರು, ಹರ್ಷಿಣಿ. ಬಸವಲಿಂಗಪ್ಪನವರು ಅಲ್ಲೂ ಇಲ್ಲ.

ಲಿಂಕ್ ಸಿಕ್ಕಿತ್ತು. ಅರ್ಜಿಯ ಖಾನೆಗೆ ಅಂಟಿಸಿದರೆ ಮುಗಿಯುತ್ತಿತ್ತು. ರಾಜೀವ್ ಚೌಕದಿಂದ ಕೌಶಾಂಬಿಯವರೆಗೆ ಅದನ್ನೇ ನೋಡುತ್ತ ಕೂತೆ. ಊಟದವರ ಪಕ್ಕ ಕೂರಲು ನನಗೇನೂ ನಾಚಿಕೆಯಿಲ್ಲ. ಅವರೂ ಬೆವರಿದವರೇ. ಆದರೆ ಅಪ್ಪನಿಗೂ ಕೊನೆಗೆ ಇಂಥದ್ದೇ ಒಂದು ಕಾಗದ ಕೊಟ್ಟಿದ್ದರು: 'ಸ್ವಚ್ಛತೆಗೆ ಸಹಕರಿಸಿದವರು.' ಅದು ಈಗಲೂ ಅಮ್ಮನ ಟ್ರಂಕಿನಲ್ಲಿದೆ, ಸೀರೆಗಳ ಕೆಳಗೆ.

ನನ್ನ ಹೆಸರನ್ನು ತೆಗೆಯಿರಿ ಎಂದು ಬರೆದು ಕಳಿಸಿದೆ. ಮನೆಗೆ ಬಂದು, ಫ್ಯಾನ್ ಜೋರಾಗಿಟ್ಟು, ಮುಕ್ತ ತಂತ್ರಾಂಶ ಕೊಡುವ ಸ್ವಾತಂತ್ರ್ಯವನ್ನು ಅನುಭವಿಸಿದೆ. ಓದುಗೊರಳಿನ ಪೂರ್ತಿ ಪ್ರತಿ ಮಾಡಿಕೊಂಡೆ. ಷರತ್ತಿನ ಪ್ರಕಾರ ಯಾರ ಹೆಸರನ್ನೂ ಅಳಿಸಲಿಲ್ಲ. ಪ್ರತಿಯೊಬ್ಬರ ಮುಂದೆ ಅವರು ಮಾಡಿದ್ದನ್ನು ಬರೆದೆ, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹರ್ಷಿಣಿ, ನಾರಾಯಣಸ್ವಾಮಿಯ ಮಗಳು: ದನಿ. ಬಸವಲಿಂಗಪ್ಪ: ಮುನ್ನೂರ ಹನ್ನೆರಡು ತಪ್ಪು ಹಿಡಿದವರು. ಇಂದಿರಾ: ಅವನ್ನು ಬರೆದವರು. ಸಾತ್ವಿಕ್: ಕೋಡ್. ಸಂಯುಕ್ತಾ: ತುಟಿ.

ಬೆಳಗ್ಗೆ ಕೆಲಸಕ್ಕೆ ಹೊರಟಾಗ ಗಲ್ಲಿಯ ತಿರುವಿನಲ್ಲಿ ತರಕಾರಿ ಗಾಡಿ ನಿಂತಿತ್ತು. "ಭಯ್ಯಾ, ಆಪ್‌ಕಾ ನಾಮ್ ಕ್ಯಾ ಹೈ?"

ಕಮಿಟಿಯವರು ದೂರು ಕೊಟ್ಟರೇನೋ ಎಂದು ಅವನು ಹೆದರಿದ. "ಕ್ಯೋಂ ಮೇಡಂ? ಕಮಿಟಿವಾಲೋಂನೇ ಶಿಕಾಯತ್ ಕೀ ಕ್ಯಾ?"

ಹೆಸರು ಕೇಳಿದರೆ ಹೆದರುವುದು ನನಗೆ ಗೊತ್ತು. ವಿವರಿಸಲು ಎರಡು ಬಸ್ಸು ತಪ್ಪಿದವು. ಅವನು ತಲೆ ಕೆರೆದುಕೊಂಡು ಹೇಳಿದ: ರಾಮ್‌ಸೂರತ್. ಸ್ವಾಗತವಾಕ್ಯದಲ್ಲಿ ಈರುಳ್ಳಿ, ಎಂದು ಅವನನ್ನೂ ಸೇರಿಸಿದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಅಂಗಿಗಳ ರಾಶಿಗೆ ಒರಗಿ ನಿಂತು, ಆ ಪುಟದ ಲಿಂಕನ್ನು ಅರ್ಜಿಗೆ ಹಾಕಿ ಕಳಿಸಿದೆ. ಒಂದೇ ದಿನ ವಯಸ್ಸಿನ ಪುಟ. ಅವರು ನಂಬುತ್ತಾರೋ ಇಲ್ಲವೋ. ಅಂಗೈಯನ್ನು ದಾಖಲೆ ಎನ್ನುವವರು ಎಲ್ಲೋ ಒಬ್ಬರಾದರೂ ಇರಬೇಕು.

ಸಂಜೆ ಬಸವಲಿಂಗಪ್ಪನವರ ಫೋನ್.

"ನಿನ್ನ ಪಟ್ಟಿ ಓದಿಸಿದೆ ತಾಯಿ. ನಿನ್ನ ಬಾಯಲ್ಲೇ. ಆ ತುಟಿ ಅನ್ನೋ ಕಡೆ ಇಂದಿರಾ ಚಾ ಉಗುಳಿಬಿಟ್ಟಳು. ಆದ್ರೆ ಒಂದು ತಪ್ಪಿದೆ. ಬರ್ಕೋ, ಮುನ್ನೂರ ಹದಿಮೂರು. ನನ್ನ ಹೆಸರು ಹೇಳುವಾಗ ನಿನ್ನ ಯಂತ್ರ ಮಧ್ಯದಲ್ಲಿ ಎಡವುತ್ತೆ. ಇಷ್ಟು ದಿನ ಅದಕ್ಕೆ ನನ್ನ ಹೆಸರು ಹೇಳೋ ಪ್ರಸಂಗವೇ ಬಂದಿರಲಿಲ್ಲ ನೋಡು."

"ಸರಿಮಾಡ್ತೀನಿ ಸರ್."

ಕುರ್ಚಿಗಳನ್ನು ಎದುರುಬದುರು ಇಟ್ಟೆ. ಕಿಟಕಿ ಮುಚ್ಚಿದೆ. ರಜಾಯಿ ಹೊದಿಸಿ ಒಳಗೆ ಕೂತೆ. ಬೆವರು ಆಗಲೇ ಹುಬ್ಬಿಗೆ ಬಂದಿತ್ತು.

"ಹರ್ಷಿಣಿ. ಜೂನ್ ಹದಿನಾರು. ಫ್ಯಾನ್ ಆಫ್ ಆಗಿದೆ."

ಆಮೇಲೆ ಬಸವಲಿಂಗಪ್ಪ ಎಂದೆ. ಇಪ್ಪತ್ತು ಸಲ, ನಿಧಾನವಾಗಿ, ನಮ್ಮೂರಲ್ಲಿ ಹೇಳುವ ಹಾಗೆ.

ಹೊರಗೆ ಬಂದು ಫೈಲನ್ನು ಪುಟಕ್ಕೆ ಏರಿಸಿದೆ. ಮೊದಲ ಸಾಲನ್ನು ಕತ್ತರಿಸಲಿಲ್ಲ.